ಗಾಡಿ ಹಿಂದಕ್ಕೆ ಹೊರಟಿತೇ? ಹುಬ್ಬಳ್ಳಿ ಜಂಕ್ಷನ್: ಒಂದು ಪ್ರಕರಣ ಅಧ್ಯಯನ

ಬೆಂಗಳೂರಿನಲ್ಲಿ ಸಂಜೆ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ವಿಜಯಪುರದ ಕಡೆ ಹೊರಟವರಿಗೆ ಹುಬ್ಬಳ್ಳಿಯಲ್ಲಿ ಒಂದು ಗೊಂದಲ ಕಾದಿರುತ್ತಿತ್ತು. ರಾತ್ರಿಯೆಲ್ಲಾ ಒಂದೇ ದಿಕ್ಕಿಗೆ ಓಡಿದ ಗಾಡಿ ನಸುಕಿನಲ್ಲಿ ಹುಬ್ಬಳ್ಳಿಗೆ ಬಂದು ನಿಲ್ಲುತ್ತಿತ್ತು. ಅರ್ಧ ತಾಸು ಹೋದ ಮೇಲೆ ಮೆಲ್ಲಗೆ ಹೊರಡುತ್ತಿತ್ತು, ಆದರೆ ಬಂದ ದಾರಿಯ ಕಡೆಗೇ. ಅರೆನಿದ್ದೆಯಲ್ಲಿ ಕಣ್ಣು ಬಿಟ್ಟ ಹೊಸಬರು ಗಾಬರಿಯಾಗಿ ಪಕ್ಕದವರನ್ನು ಕೇಳುತ್ತಿದ್ದರು: "ಏನ್ರೀ, ಗಾಡಿ ಹಿಂದಕ್ಕ ಹೊಂಟೈತಲ್ಲ?" ಆ ದಾರಿಯಲ್ಲಿ ಓಡಾಡಿ ರೂಢಿಯಿದ್ದವರು ಹೊದಿಕೆ ಸರಿಸದೆ ಹೇಳುತ್ತಿದ್ದರು: "ಹುಬ್ಬಳ್ಳಿ ಬಂತ್ರೀ. ಎಂಜಿನ್ ತಿರುವ್ಯಾರ. ಮಲಕೋರಿ."

ಹುಬ್ಬಳ್ಳಿ ನಿಲ್ದಾಣದ ಬಗ್ಗೆ ಈಗ ಯಾರನ್ನೇ ಕೇಳಿದರೂ ಮೊದಲು ಹೇಳುವುದು ಪ್ಲಾಟ್‌ಫಾರಂ ಉದ್ದ. 1507 ಮೀಟರ್, ಜಗತ್ತಿನಲ್ಲೇ ಉದ್ದ, ಗಿನ್ನೆಸ್ ದಾಖಲೆ. ಹೆಮ್ಮೆಪಡುವ ಮಾತೇ ಅದು. ಆದರೆ ನನಗೆ ಈ ನಿಲ್ದಾಣದ ಕಥೆ ಆ ದಾಖಲೆಗಿಂತ ಜಾಸ್ತಿ ಕಾಣುವುದು ಗಾಡಿ ಹಿಂದಕ್ಕೆ ಹೊರಡುವ ಆ ಗಳಿಗೆಯಲ್ಲಿ. ಎಂಜಿನ್ ಯಾಕೆ ತಿರುಗಿಸಬೇಕಿತ್ತು ಎಂದು ಹುಡುಕುತ್ತಾ ಹೋದರೆ 1880ರ ದಶಕದ ಹತ್ತಿ, ಬರಗಾಲ, ಗೋವಾದ ಬಂದರು, 1956ರ ಏಕೀಕರಣ ಎಲ್ಲವೂ ಒಂದರ ಹಿಂದೆ ಒಂದು ಬರುತ್ತವೆ. ಉದ್ದದ ಪ್ಲಾಟ್‌ಫಾರಂ ಕೂಡ ಅದೇ ಕಥೆಯ ಕೊನೆಯ ಕಡೆಗೆ ಬರುತ್ತದೆ.

ಮೂರು ಹಳಿ, ಎರಡು ಬಾಯಿ

ಮೊದಲು ನಿಲ್ದಾಣದ ಆಕಾರ ತಿಳಿದುಕೊಳ್ಳೋಣ. ಹುಬ್ಬಳ್ಳಿಗೆ ಮೂರು ದಿಕ್ಕಿನಿಂದ ಹಳಿಗಳು ಬರುತ್ತವೆ. ಒಂದು ಧಾರವಾಡ, ಲೋಂಡಾ ಕಡೆಯಿಂದ. ಅಲ್ಲಿಂದ ಮುಂದೆ ಒಂದು ಕವಲು ಬೆಳಗಾವಿ, ಮೀರಜಿಗೆ ಹೋದರೆ ಇನ್ನೊಂದು ಘಟ್ಟ ಇಳಿದು ಗೋವಾಕ್ಕೆ. ಎರಡನೆಯದು ಗದಗ ಕಡೆಯಿಂದ. ಅದು ಹೊಸಪೇಟೆ, ಬಳ್ಳಾರಿ, ಗುಂತಕಲ್ಲಿಗೆ, ಗದಗಿನಲ್ಲಿ ಒಡೆದು ಬಾಗಲಕೋಟೆ, ವಿಜಯಪುರ, ಸೊಲ್ಲಾಪುರಕ್ಕೆ. ಮೂರನೆಯದು ಹಾವೇರಿ, ದಾವಣಗೆರೆ, ಅರಸೀಕೆರೆ ಮೇಲೆ ಬೆಂಗಳೂರಿಗೆ. ಈ ದಾರಿಯಲ್ಲಿ ಬೆಂಗಳೂರು 469 ಕಿಲೋಮೀಟರ್.

ಮೂರು ಹಳಿ ಇದ್ದರೂ ನಿಲ್ದಾಣಕ್ಕೆ ಇರುವುದು ಎರಡೇ ತುದಿ ಅಲ್ವಾ? ಒಂದು ತುದಿಯಲ್ಲಿ ಧಾರವಾಡದ ಹಳಿ ಒಂದೇ. ಇನ್ನೊಂದು ತುದಿಯಲ್ಲಿ ಗದಗ ಮತ್ತು ಬೆಂಗಳೂರು, ಎರಡೂ. ಇಡೀ ಪ್ರಕರಣದ ಗಂಟು ಇರುವುದು ಇಲ್ಲೇ.

ಬೆಂಗಳೂರಿನಿಂದ ಬೆಳಗಾವಿಗೆ ಹೋಗುವ ಗಾಡಿಗೆ ಏನೂ ತೊಂದರೆಯಿಲ್ಲ. ಒಂದು ಬಾಯಿಂದ ಬಂದು ಇನ್ನೊಂದು ಬಾಯಿಂದ ಹೋಗುತ್ತದೆ. ಗುಂತಕಲ್ ಕಡೆಯಿಂದ ಗೋವಾಕ್ಕೆ ಹೋಗುವ ಗಾಡಿಯೂ ಹಾಗೆಯೇ. ಆದರೆ ಬೆಂಗಳೂರಿನಿಂದ ಗದಗ ಕಡೆ ಹೋಗಬೇಕಾದರೆ ಬಂದ ಬಾಯಿಂದಲೇ ಹೊರಗೆ ಹೋಗಬೇಕು. ಅಂದರೆ ಎಂಜಿನ್ ಬಿಚ್ಚಿ, ಗಾಡಿಯ ಬಾಲವಾಗಿದ್ದ ಕಡೆಗೆ ತಂದು ಕಟ್ಟಬೇಕು.

ಇದು ಎಷ್ಟು ಕೆಲಸ ಎನ್ನುವುದು ಪ್ಲಾಟ್‌ಫಾರಂ ಮೇಲೆ ನಿಂತು ನೋಡಿದವರಿಗೇ ಗೊತ್ತು. ಗಾಡಿ ನಿಂತ ಕೂಡಲೇ ಒಬ್ಬ ಪಾಯಿಂಟ್ಸ್‌ಮನ್ ಹಳಿಗೆ ಇಳಿದು ಎಂಜಿನ್ ಮತ್ತು ಮೊದಲ ಬೋಗಿಯ ನಡುವಿನ ಸಂದಿಗೆ ಬಗ್ಗಿ ನುಗ್ಗುತ್ತಾನೆ. ಬ್ರೇಕಿನ ಗಾಳಿ ಹರಿಯುವ ಪೈಪುಗಳ ಕಾಕ್‌ಗಳನ್ನು ಮೊದಲು ಮುಚ್ಚುತ್ತಾನೆ. ಪೈಪು ಬಿಚ್ಚಿದಾಗ ಒಳಗೆ ಉಳಿದ ಗಾಳಿ 'ಪುಸ್ಸ್' ಎಂದು ಹೊರಗೆ ಬರುತ್ತದೆ. ಪ್ಲಾಟ್‌ಫಾರಂ ಮೇಲಿನ ಮಕ್ಕಳು ಬೆಚ್ಚಿ ಹಿಂದೆ ಸರಿಯುವುದು ಆಗಲೇ. ಆಮೇಲೆ ಕಪ್ಲಿಂಗ್ ಬಿಡಿಸಿ, ಹೊರಗೆ ಬಂದು ಕೈ ಬೀಸುತ್ತಾನೆ. ಎಂಜಿನ್ ಒಂದಷ್ಟು ಮುಂದೆ ಹೋಗಿ, ಪಕ್ಕದ ಹಳಿಗೆ ದಾಟಿ, ಇಡೀ ಗಾಡಿಯನ್ನು ಬಳಸಿಕೊಂಡು ಆ ಕಡೆಯ ತುದಿಗೆ ಬರುತ್ತದೆ. ಅಲ್ಲಿ ಮತ್ತೆ ಕಪ್ಲಿಂಗ್, ಮತ್ತೆ ಪೈಪು, ಬ್ರೇಕ್ ಸರಿಯಾಗಿ ಹಿಡಿಯುತ್ತಿದೆಯೇ ಎಂಬ ಪರೀಕ್ಷೆ. ಗಾರ್ಡ್ ತನ್ನ ಪೆಟ್ಟಿಗೆ ಸಮೇತ ಗಾಡಿಯ ಈ ತುದಿಯಿಂದ ಆ ತುದಿಗೆ ನಡೆಯಬೇಕು.

ಪ್ರಯಾಣಿಕರಿಗೆ ಇದು ಚಹಾ ಕುಡಿಯಲು ಸಿಕ್ಕ ಬಿಡುವು. ಯಾರ್ಡಿಗೆ, ಅಂದರೆ ನಿಲ್ದಾಣದ ಹಳಿಗಳ ಜಾಲಕ್ಕೆ, ಮಾತ್ರ ಇದು ದುಬಾರಿ. ಆ ಅರ್ಧ ತಾಸು ಒಂದು ಪ್ಲಾಟ್‌ಫಾರಂ ಕಟ್ಟಿಹಾಕಿಕೊಂಡಿರುತ್ತದೆ. ಎಂಜಿನ್ ಓಡಾಡಲು ಪಕ್ಕದ ಹಳಿ ಖಾಲಿ ಇರಬೇಕು. ಅದು ಬಾಯಿ ದಾಟುವಾಗ ಉಳಿದ ಗಾಡಿಗಳು ಹೊರಗೆ ಸಿಗ್ನಲ್ ಕಾಯುತ್ತಾ ನಿಲ್ಲಬೇಕು. ಊರು ಕಣ್ಣಿಗೆ ಕಾಣುತ್ತಿದೆ, ಗಾಡಿ ಅಲ್ಲಾಡುತ್ತಿಲ್ಲ ಎಂಬ ಸಂಕಟ ಹುಬ್ಬಳ್ಳಿಗೆ ಓಡಾಡಿದವರಿಗೆಲ್ಲಾ ಗೊತ್ತಿರುವುದೇ. ಇಂಥ ಒಂದು ಗಾಡಿಯಾದರೆ ನಿಭಾಯಿಸಬಹುದು. ಗಾಡಿಗಳ ಸಂಖ್ಯೆ ಏರುತ್ತಾ ಹೋದಂತೆ ಅದೇ ಗಂಟು ಬಿಗಿಯುತ್ತದೆ.

ಹಾಗಾದರೆ ಇಂಥ ಆಕಾರ ಯಾಕೆ ಬಂತು? ಕಟ್ಟಿದವರಿಗೆ ಬುದ್ಧಿ ಇರಲಿಲ್ಲವೇ? ಇತ್ತು. ಅವರು ಬೇರೆ ಕೆಲಸಕ್ಕೆ ಕಟ್ಟಿದ್ದರು.

ಹತ್ತಿ ಸಮುದ್ರ ಸೇರಬೇಕಿತ್ತು

ರೈಲು ಬರುವ ಮೊದಲೇ ಹುಬ್ಬಳ್ಳಿ ದೊಡ್ಡ ಪೇಟೆ. ಸುತ್ತ ಎರೆಭೂಮಿ, ಹೊಲದ ತುಂಬಾ ಹತ್ತಿ. ಆ ಹತ್ತಿ ಎತ್ತಿನ ಗಾಡಿಯಲ್ಲಿ ಪಶ್ಚಿಮ ಘಟ್ಟ ಇಳಿದು ಕುಮಟಾ, ಕಾರವಾರದ ಬಂದರಿಗೆ ಹೋಗಿ, ಅಲ್ಲಿಂದ ಹಡಗಿನಲ್ಲಿ ಮುಂಬೈಗೆ. ಹತ್ತಿ ಬೆಳೆದದ್ದು ಧಾರವಾಡ ಸೀಮೆಯಲ್ಲಾದರೂ ವ್ಯಾಪಾರದಲ್ಲಿ ಅದಕ್ಕೆ ಕುಮಟಾ ಹತ್ತಿ ಎಂದೇ ಹೆಸರು ಬಿದ್ದಿತ್ತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿನ ಹತ್ತಿ ನಿಂತುಹೋಯಿತು. ಇಲ್ಲಿನ ಹತ್ತಿಗೆ ಚಿನ್ನದ ಬೆಲೆ ಬಂತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ತೆಗೆದು ಮುಂಬೈ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆಯೂ ಕಾರವಾರದ ಬಂದರು ಮತ್ತು ಈ ಹತ್ತಿಯ ಲೆಕ್ಕವೇ ಇತ್ತು.

ಕಾರವಾರದಿಂದ ಹುಬ್ಬಳ್ಳಿಗೆ ರೈಲು ಹಾಕಬೇಕೆಂಬ ಮಾತು ಆಗಲೇ ಎದ್ದಿತ್ತು. ಆದರೆ 1878ರ ಡಿಸೆಂಬರಿನಲ್ಲಿ ಬ್ರಿಟಿಷರು ಮತ್ತು ಪೋರ್ಚುಗೀಸರ ನಡುವೆ ಒಪ್ಪಂದವಾಯಿತು. ಗೋವಾದ ಮುರ್ಮಗೋವಾ ಬಂದರಿನಿಂದ ಘಟ್ಟ ಹತ್ತಿ ಬರುವ ಹಳಿಗೆ ದಾರಿ ತೆರೆಯಿತು. ಕಾರವಾರದ ಆಸೆ ಅಲ್ಲಿಗೆ ಕಮರಿತು. ಆ ಹಳಿಯಲ್ಲಿ ಗಾಡಿ ಓಡತೊಡಗಿದ ಮೇಲೆ ಕುಮಟಾದ ವ್ಯಾಪಾರವೂ ಇಳಿಯುತ್ತಾ ಹೋಯಿತು. ಒಂದು ಜಂಕ್ಷನ್ ಹುಟ್ಟಿದಾಗ ಎಲ್ಲೋ ಒಂದು ಬಂದರಿನ ಬೆಳಕು ಆರುತ್ತದೆ. ಹುಬ್ಬಳ್ಳಿಯ ಏಳಿಗೆ ಹೇಳುವಾಗ ಕುಮಟಾವನ್ನು ನೆನೆಯದಿದ್ದರೆ ಕಥೆ ಅರ್ಧವೇ.

ಇದೇ ಹೊತ್ತಿಗೆ 1876ರಿಂದ 1878ರವರೆಗಿನ ಮಹಾ ಬರಗಾಲ. ಬಳ್ಳಾರಿ, ಕಲಾದಗಿ, ಧಾರವಾಡ ಸೀಮೆಗಳಲ್ಲಿ ಜನ ಹಸಿವಿನಿಂದ ಸತ್ತರು. ಬೇರೆ ಕಡೆ ಕಾಳು ಇದ್ದರೂ ತರಲು ದಾರಿ ಇರಲಿಲ್ಲ. ಎತ್ತುಗಳೇ ಸತ್ತ ಮೇಲೆ ಬಂಡಿ ಎಳೆಯುವವರು ಯಾರು? ಬರದ ಸೀಮೆಗೆ ಕಾಳು ಸಾಗಿಸುವ ಹಳಿ ಬೇಕು ಎಂಬ ಒತ್ತಾಯ ಆಗ ಬಂತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿದ್ದು ಈ ಎರಡು ಕಾರಣ ಸೇರಿ: ಬರಕ್ಕೆ ಕಾಳು ತರುವುದು, ಬಂದರಿಗೆ ಹತ್ತಿ ಒಯ್ಯುವುದು. ಸೊಲ್ಲಾಪುರದ ಹತ್ತಿರದ ಹೊಟಗಿಯಿಂದ ವಿಜಯಪುರದ ಮೇಲೆ ಗದಗಿನವರೆಗಿನ ಹಳಿ 1884ರಲ್ಲಿ ತೆರೆಯಿತು. ಅದು ಬರದ ಹಳಿ. 1888ರಲ್ಲಿ ಘಟ್ಟದ ಹಳಿ ತೆರೆದು ಮುರ್ಮಗೋವಾಕ್ಕೆ ದಾರಿ ಪೂರ್ತಿಯಾಯಿತು. ಇದು ಬಂದರಿನ ಹಳಿ. ದಕ್ಷಿಣದಲ್ಲಿ ಹರಿಹರದ ಮೇಲೆ ಮೈಸೂರು ಸಂಸ್ಥಾನದ ಹಳಿಯೂ ಆ ದಶಕದ ಕೊನೆಗೆ ಬಂದು ಕೂಡಿತು. ಎಲ್ಲವೂ ಮೀಟರ್ ಗೇಜ್, ಅಂದರೆ ಎರಡು ಕಂಬಿಗಳ ನಡುವೆ ಒಂದು ಮೀಟರ್ ಅಗಲ.

ಈಗ ನಿಲ್ದಾಣದ ಆಕಾರ ಇನ್ನೊಮ್ಮೆ ನೋಡಿ. ಗದಗ ಕಡೆಯ ಮಾಲು, ಹರಿಹರದ ಕಡೆಯ ಮಾಲು ಎರಡೂ ಒಂದೇ ಬಾಯಿಂದ ಒಳಗೆ ಬರುತ್ತವೆ. ಹುಬ್ಬಳ್ಳಿಯಲ್ಲಿ ಕೂಡುತ್ತವೆ. ಇನ್ನೊಂದು ಬಾಯಿಂದ ಸಮುದ್ರದ ಕಡೆ ಹೋಗುತ್ತವೆ. ಎರಡು ಹಳ್ಳ ಕೂಡಿ ಒಂದು ಹೊಳೆಯಾದ ಹಾಗೆ. ಆ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಆಕಾರ ಇಲ್ಲ. ಒಂದು ಹಳ್ಳದ ನೀರು ಇನ್ನೊಂದು ಹಳ್ಳಕ್ಕೆ ಏರಿ ಹೋಗಬೇಕು, ಅಂದರೆ ಬೆಂಗಳೂರಿನ ಜನ ವಿಜಯಪುರಕ್ಕೆ ಹೋಗಬೇಕು ಎಂದು ಆಗ ಯಾರು ಯೋಚಿಸಿದ್ದರು? ಒಂದು ಮೈಸೂರು ಸಂಸ್ಥಾನ, ಇನ್ನೊಂದು ಮುಂಬೈ ಪ್ರಾಂತ್ಯ. ನಡುವೆ ಆಡಳಿತದ ನಂಟೇ ಇರಲಿಲ್ಲ.

ಊರಿನೊಳಗಿನ ಇನ್ನೊಂದು ಊರು

ಕಂಪನಿಯ ಮುಖ್ಯ ಕಚೇರಿ ಧಾರವಾಡದಲ್ಲಿತ್ತು, ಕಾರ್ಖಾನೆ ಹುಬ್ಬಳ್ಳಿಗೆ ಬಂತು. ಈ ಹಂಚಿಕೆ ಎರಡೂ ಊರುಗಳ ಗುಣವನ್ನೇ ತಿದ್ದಿತು ಎಂದು ನನಗೆ ಅನಿಸುತ್ತದೆ. 1908ರಲ್ಲಿ ಕಂಪನಿ ಮದ್ರಾಸ್ ರೈಲ್ವೆ ಜೊತೆ ಕೂಡಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ ಆದಾಗ ಮುಖ್ಯ ಕಚೇರಿ ಮದ್ರಾಸಿಗೆ ಹೋಯಿತು. ಧಾರವಾಡದ ಆ ಭವ್ಯ ಕಟ್ಟಡ ಖಾಲಿಯಾಯಿತು. 1917ರಲ್ಲಿ ಶುರುವಾದ ಕರ್ನಾಟಕ ಕಾಲೇಜು ಮುಂದೆ ಅದೇ ಕಟ್ಟಡಕ್ಕೆ ಬಂತು. ಇವತ್ತಿಗೂ ಆ ಕಾಲೇಜಿನ ಕಮಾನುಗಳ ಕೆಳಗೆ ನಡೆಯುವ ಹುಡುಗರು ಒಂದು ರೈಲ್ವೆ ಕಚೇರಿಯಲ್ಲೇ ಓದುತ್ತಿದ್ದಾರೆ. ಕಚೇರಿ ಹೋದ ಊರು ವಿದ್ಯೆಯ ಊರಾಯಿತು.

ಹುಬ್ಬಳ್ಳಿಯ ಕಾರ್ಖಾನೆ ಮಾತ್ರ ಎಲ್ಲೂ ಹೋಗಲಿಲ್ಲ. 1885ರಲ್ಲಿ ಶುರುವಾದ ಅದು ಬೋಗಿ ರಿಪೇರಿಯ ಕೆಲಸವನ್ನು ಇಂದಿಗೂ ಮಾಡುತ್ತಿದೆ. ಕಮ್ಮಾರ, ಬಡಗಿ, ಫಿಟ್ಟರ್, ಪೇಂಟರ್ ಎಂದು ಕೈಕಸುಬಿನ ಜನ ತೆಲುಗು, ತಮಿಳು, ಮರಾಠಿ, ಉರ್ದು, ಕೊಂಕಣಿ ಮಾತಾಡುತ್ತಾ ಬಂದು ಇಲ್ಲಿ ನೆಲೆ ನಿಂತರು. ಗದಗ ರಸ್ತೆಯ ಎರಡೂ ಕಡೆ ಕ್ವಾರ್ಟರ್ಸು, ಆಸ್ಪತ್ರೆ, ಇನ್‌ಸ್ಟಿಟ್ಯೂಟು ಬೆಳೆದವು. ಹುಬ್ಬಳ್ಳಿಯ ಕನ್ನಡದಲ್ಲಿ ಇಷ್ಟೊಂದು ಭಾಷೆಗಳ ವಾಸನೆ ಇರುವುದಕ್ಕೆ ಪೇಟೆ ಎಷ್ಟು ಕಾರಣವೋ ಈ ಕಾಲೊನಿಗಳೂ ಅಷ್ಟೇ ಕಾರಣ.

ಆ ಕಾಲದ ಎರಡು ಪುಟ್ಟ ಮನೆಗಳು ಗದಗ ರಸ್ತೆಯಲ್ಲಿ ಉಳಿದಿವೆ. ಒಂದರ ಹೆಸರು ಮಲಪ್ರಭಾ, ಇನ್ನೊಂದು ಘಟಪ್ರಭಾ. 2020ರಲ್ಲಿ ಅವು ರೈಲ್ವೆ ಮ್ಯೂಸಿಯಂ ಆದವು. ಹಳೆಯ ಗಾಡಿಗಳು, ಲಾಟೀನು, ಟಿಕೆಟ್ ಯಂತ್ರ ನೋಡಲು ಮಕ್ಕಳನ್ನು ಕರೆದುಕೊಂಡು ಹೋಗುವವರು ಆ ಎರಡು ಮನೆಗಳ ಗೋಡೆ, ಚಾವಣಿಯನ್ನೂ ಒಮ್ಮೆ ನಿಂತು ನೋಡಬೇಕು. ಊರಿನೊಳಗಿದ್ದ ಆ ಇನ್ನೊಂದು ಊರು ಅಲ್ಲಿ ಕಾಣುತ್ತದೆ.

1956ರ ನಂತರ ದಿಕ್ಕು ಬದಲಾಯಿತು

1951ರ ಏಪ್ರಿಲ್‌ನಲ್ಲಿ ಹಳೆಯ ಕಂಪನಿಗಳೆಲ್ಲಾ ಸೇರಿ ದಕ್ಷಿಣ ರೈಲ್ವೆ ಆಯಿತು. 1966ರ ಅಕ್ಟೋಬರ್‌ನಲ್ಲಿ ದಕ್ಷಿಣ ಮಧ್ಯ ರೈಲ್ವೆ ಹುಟ್ಟಿದಾಗ ಹುಬ್ಬಳ್ಳಿ ವಿಭಾಗ ಅದರ ಪಾಲಿಗೆ ಹೋಯಿತು. ಮುಖ್ಯ ಕಚೇರಿ ಸಿಕಂದರಾಬಾದ್. ಹೀಗೆ ಹುಬ್ಬಳ್ಳಿಯ ಕಡತಗಳು ಮೊದಲು ಮದ್ರಾಸಿಗೆ, ಆಮೇಲೆ ಸಿಕಂದರಾಬಾದಿಗೆ ಓಡಾಡಿದವು.

ಆದರೆ ಜನರ ಓಡಾಟ ಬದಲಾದದ್ದು 1956ರ ನವೆಂಬರ್ 1ಕ್ಕೆ. ಅಂದು ಧಾರವಾಡ, ಬೆಳಗಾವಿ, ವಿಜಯಪುರ ಮುಂಬೈ ರಾಜ್ಯ ಬಿಟ್ಟು ಕನ್ನಡನಾಡಿಗೆ ಸೇರಿದವು. ಅಲ್ಲಿಯವರೆಗೆ ವಿಜಯಪುರದವರಿಗೆ ದೊಡ್ಡ ಊರು ಅಂದರೆ ಸೊಲ್ಲಾಪುರ, ಪುಣೆ, ಮುಂಬೈ. ಅಂದಿನಿಂದ ಬೆಂಗಳೂರು. ವಿಧಾನಸೌಧದ ಕೆಲಸ, ನೌಕರಿಯ ಸಂದರ್ಶನ, ಕಾಲೇಜು, ಆಸ್ಪತ್ರೆ ಎಲ್ಲಕ್ಕೂ ಬೆಂಗಳೂರು. ರಾಜ್ಯ ಒಂದೇ ದಿನದಲ್ಲಿ ಕೂಡಿತು. ಹಳಿಗಳು ಮಾತ್ರ ಸಮುದ್ರದ ಕಡೆಗೇ ಮುಖ ಮಾಡಿ ಉಳಿದವು. ಎಂಜಿನ್ ತಿರುಗಿಸುವ ಆ ಅರ್ಧ ತಾಸು ಅಂದರೆ ನನ್ನ ಲೆಕ್ಕದಲ್ಲಿ ಮುಂಬೈ ಪ್ರಾಂತ್ಯದ ನಕ್ಷೆಯ ಮೇಲೆ ಕರ್ನಾಟಕದ ಜನ ಓಡಾಡಲು ಕಟ್ಟುತ್ತಿದ್ದ ಸುಂಕ.

ಇದನ್ನು ತೋರಿಸಲು ಹಂಪಿ ಎಕ್ಸ್‌ಪ್ರೆಸ್ ಒಂದು ಸಾಕು. ಹುಬ್ಬಳ್ಳಿಯಿಂದ ಮೈಸೂರಿಗೆ ಹೋಗುವ ಗಾಡಿ ಅದು. ದಾವಣಗೆರೆಯ ಮೇಲೆ ನೇರ ದಾರಿ ಇರುವಾಗ ಅದು ಗದಗ, ಹೊಸಪೇಟೆ, ಬಳ್ಳಾರಿ, ಗುಂತಕಲ್, ಧರ್ಮಾವರ ಸುತ್ತಿ, ಆಂಧ್ರಕ್ಕೆ ಹೋಗಿಬಂದು ಬೆಂಗಳೂರು ಮುಟ್ಟುತ್ತದೆ. ಗದಗ, ಕೊಪ್ಪಳ, ಹೊಸಪೇಟೆಯವರು ರಾಜಧಾನಿಗೆ ಬರಲು ಬಹುಕಾಲ ಒಂದೋ ಹೀಗೆ ಸುತ್ತಬೇಕಿತ್ತು, ಇಲ್ಲವೇ ಹುಬ್ಬಳ್ಳಿಗೆ ಬಂದು ತಿರುಗಬೇಕಿತ್ತು.

ಇದರ ಜೊತೆಗೆ ಗೇಜಿನ ತಾಪತ್ರಯ. ಸುತ್ತಲಿನ ಹಲವು ಹಳಿಗಳು ಇನ್ನೂ ಅಗಲವಾದ ಬ್ರಾಡ್ ಗೇಜ್ ಆದ ಮೇಲೂ ಹುಬ್ಬಳ್ಳಿ ಮೀಟರ್ ಗೇಜಿನಲ್ಲೇ ಇತ್ತು. ಮುಂಬೈಗೆ ಹೋಗುವವರು ಮೀರಜಿನಲ್ಲಿ ಇಳಿದು, ಟ್ರಂಕು, ಹಾಸಿಗೆ ಸುರುಳಿ ಹೊತ್ತು ಗಾಡಿ ಬದಲಿಸಬೇಕಿತ್ತು. ಸರಕನ್ನು ಒಂದು ವ್ಯಾಗನ್ನಿನಿಂದ ಇಳಿಸಿ ಇನ್ನೊಂದಕ್ಕೆ ತುಂಬಬೇಕಿತ್ತು. 1992ರಲ್ಲಿ ದೇಶದ ಹಳಿಗಳನ್ನೆಲ್ಲಾ ಒಂದೇ ಗೇಜಿಗೆ ತರುವ ಯೋಜನೆ ಶುರುವಾಯಿತು. ಆಗ ರೈಲ್ವೆ ಮಂತ್ರಿ ನಮ್ಮವರೇ ಆದ ಸಿ.ಕೆ. ಜಾಫರ್ ಷರೀಫ್. 1990ರ ದಶಕ ಮುಗಿಯುವ ಮೊದಲು ಹುಬ್ಬಳ್ಳಿಯ ಮೂರೂ ದಿಕ್ಕಿನ ಹಳಿ ಬ್ರಾಡ್ ಗೇಜ್ ಆದವು. ಕೆಲಸ ನಡೆದಷ್ಟು ಕಾಲ ಗಾಡಿಗಳು ನಿಂತು ಜನ ಬಸ್ಸಿನಲ್ಲಿ ಜೋತಾಡಿದರು, ನಿಜ. ಆದರೆ ಹುಬ್ಬಳ್ಳಿಗೆ ದೇಶದ ಬಾಗಿಲು ತೆರೆದದ್ದು ಆ ಬದಲಾವಣೆಯೇ. ದಾಖಲೆಯ ಪ್ಲಾಟ್‌ಫಾರಂಗಿಂತ ದೊಡ್ಡ ಘಟನೆ ಅದು ಎಂದೇ ನಾನು ಹೇಳುತ್ತೇನೆ.

ನಂತರದ ದೊಡ್ಡ ತಿರುವು ನೈಋತ್ಯ ರೈಲ್ವೆ. ಹೊಸ ವಲಯದ ಕೇಂದ್ರ ಕಚೇರಿ ಬೆಂಗಳೂರಿಗೋ ಹುಬ್ಬಳ್ಳಿಗೋ ಎಂಬ ಹಗ್ಗಜಗ್ಗಾಟ ವರ್ಷಗಟ್ಟಲೆ ನಡೆಯಿತು. ಉತ್ತರ ಕರ್ನಾಟಕದ ಜನ ಬೀದಿಗೆ ಇಳಿದರು. ಕೊನೆಗೆ 2003ರ ಏಪ್ರಿಲ್ 1ರಿಂದ ಹುಬ್ಬಳ್ಳಿ, ಬೆಂಗಳೂರು, ಮೈಸೂರು ವಿಭಾಗಗಳನ್ನು ಹೊತ್ತ ವಲಯ ಹುಬ್ಬಳ್ಳಿಯಿಂದಲೇ ಕೆಲಸ ಶುರುಮಾಡಿತು. 1908ರಲ್ಲಿ ಮದ್ರಾಸಿಗೆ ಹೋದ ಕಚೇರಿ ಸುಮಾರು ಒಂದು ಶತಮಾನದ ಮೇಲೆ ಈ ಅವಳಿ ನಗರಕ್ಕೆ ವಾಪಸ್ ಬಂತು. ಈ ಸಲ ಧಾರವಾಡಕ್ಕಲ್ಲ, ಹುಬ್ಬಳ್ಳಿಗೆ. ಗದಗ ರಸ್ತೆಯ ರೈಲ್ ಸೌಧ ಅದೇ.

ಯಾರ್ಡ್ ಬಿಚ್ಚಿ ಕಟ್ಟಿದ್ದು

ಬ್ರಾಡ್ ಗೇಜ್ ಬಂದ ಮೇಲೆ ಗಾಡಿಗಳು ಉದ್ದವಾದವು, ಸಂಖ್ಯೆ ಏರಿತು. ವಲಯದ ಕೇಂದ್ರವಾದ ಮೇಲೆ ಹುಬ್ಬಳ್ಳಿಯಿಂದಲೇ ಹೊರಡುವ, ಹುಬ್ಬಳ್ಳಿಯಲ್ಲೇ ಕೊನೆಯಾಗುವ ಗಾಡಿಗಳೂ ಜಾಸ್ತಿಯಾದವು. ಸರಕಿನ ದಿಕ್ಕೂ ತಿರುಗಿತು. ಹಿಂದೆ ಬಂದರಿನ ಕಡೆ ಹತ್ತಿ, ಅದಿರು ಹೋಗುತ್ತಿತ್ತು. ಈಗ ಮುರ್ಮಗೋವಾ ಬಂದರಿನಲ್ಲಿ ಇಳಿದ ಕಲ್ಲಿದ್ದಲು ಘಟ್ಟ ಹತ್ತಿ, ಹುಬ್ಬಳ್ಳಿಯ ಮೇಲೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಹೋಗುತ್ತದೆ. ಒಂದು ಪ್ಯಾಸೆಂಜರ್ ತಿರುಗಬೇಕು, ಒಂದು ಗೂಡ್ಸ್ ದಾಟಬೇಕು, ಒಂದು ಎಕ್ಸ್‌ಪ್ರೆಸ್ ಹೊರಗೆ ಕಾಯುತ್ತಿದೆ, ಬಾಯಿ ಒಂದೇ.

ಇಲ್ಲಿ ಸಿಗ್ನಲ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಗಾಡಿ ಒಂದು ಪ್ಲಾಟ್‌ಫಾರಂಗೆ ಬರಬೇಕಾದರೆ ಅದರ ದಾರಿಯ ಪ್ರತಿ ಪಾಯಿಂಟನ್ನೂ, ಅಂದರೆ ಗಾಡಿ ಒಂದು ಹಳಿಯಿಂದ ಇನ್ನೊಂದಕ್ಕೆ ದಾಟುವ ಕೂಡುಜಾಗವನ್ನೂ, ಸರಿಯಾಗಿ ಕೂಡಿಸಿ ಬೀಗ ಹಾಕಬೇಕು. ಆ ದಾರಿಯನ್ನು ಅಡ್ಡಹಾಯುವ ಯಾವ ದಾರಿಗೂ ಆಗ ಹಸಿರು ದೀಪ ಸಿಗದು. ಇದೇ ಇಂಟರ್‌ಲಾಕಿಂಗ್. ಬೆಂಗಳೂರಿನಿಂದ ಬರುವ ಗಾಡಿಯ ದಾರಿ, ಗದಗಿಗೆ ಹೋಗುವ ಗಾಡಿಯ ದಾರಿ ಒಂದನ್ನೊಂದು ಕತ್ತರಿಸಿದರೆ ಒಂದು ನಿಲ್ಲಲೇಬೇಕು. ಹಳಿ ಎಷ್ಟೇ ಇರಲಿ, ಬಾಯಿಯಲ್ಲಿ ದಾರಿಗಳು ಕತ್ತರಿಸುತ್ತಿದ್ದರೆ ಪ್ರಯೋಜನವಿಲ್ಲ. ಹಾಗಾಗಿ ಬರೀ ಪ್ಲಾಟ್‌ಫಾರಂ ಕಟ್ಟಿದರೆ ಸಾಲದು, ಯಾರ್ಡನ್ನೇ ಬಿಚ್ಚಿ ಮತ್ತೆ ಕಟ್ಟಬೇಕು.

ಹೊಸಪೇಟೆ–ಹುಬ್ಬಳ್ಳಿ–ಲೋಂಡಾ ಜೋಡಿ ಹಳಿಯ ಕೆಲಸದ ಜೊತೆ ಇದೂ ನಡೆಯಿತು. ಐದು ಪ್ಲಾಟ್‌ಫಾರಂ ಇದ್ದದ್ದು ಎಂಟಾದವು. ಸಿಗ್ನಲ್ ವ್ಯವಸ್ಥೆ ಎಲೆಕ್ಟ್ರಾನಿಕ್ ಆಯಿತು. ಗದಗ ರಸ್ತೆಯ ಕಡೆ ಹೊಸ ಪ್ರವೇಶದ್ವಾರ ಬಂತು. ಒಂದು ಪ್ಲಾಟ್‌ಫಾರಂ ಮೊದಲು 550 ಮೀಟರ್ ಇತ್ತು. ಅದನ್ನು 1507 ಮೀಟರಿಗೆ ಬೆಳೆಸಿದರು. ಅದಕ್ಕೆ ತಗುಲಿದ ಖರ್ಚು ಸುಮಾರು 20 ಕೋಟಿ ರೂಪಾಯಿ. 2013ರಿಂದ ದಾಖಲೆ ಹಿಡಿದಿದ್ದ ಗೋರಖಪುರದ ಪ್ಲಾಟ್‌ಫಾರಂ ಸುಮಾರು 1366 ಮೀಟರ್. 2023ರ ಮಾರ್ಚ್ 12ರಂದು ಪ್ರಧಾನಿ ನರೇಂದ್ರ ಮೋದಿ ಇದನ್ನು ಉದ್ಘಾಟಿಸಿದರು. ಹೊಸಪೇಟೆ–ಹುಬ್ಬಳ್ಳಿ–ತಿನೈಘಾಟ್ ವಿದ್ಯುತ್ ಮಾರ್ಗವೂ ಅದೇ ದಿನ ತೆರೆಯಿತು.

ಇಷ್ಟು ಉದ್ದ ಯಾಕೆ? ಲೆಕ್ಕ ಹಾಕಿ ನೋಡಿ. ಈಗಿನ ಹೊಸ ಮಾದರಿಯ ಎಲ್‌ಎಚ್‌ಬಿ ಬೋಗಿ ಒಂದಕ್ಕೆ ಸುಮಾರು 24 ಮೀಟರ್. 24 ಬೋಗಿಗೆ 576 ಮೀಟರ್, ಎಂಜಿನ್ ಸೇರಿ 600ರ ಹತ್ತಿರ. ಹಳೆಯ 550 ಮೀಟರಿನಲ್ಲಿ ಅದು ಪೂರ್ತಿ ಹಿಡಿಯುತ್ತಿರಲಿಲ್ಲ. 1507ರಲ್ಲಿ ಅಂಥ ಎರಡು ಗಾಡಿ ಒಂದರ ಹಿಂದೆ ಒಂದು ನಿಂತು, ನಡುವೆ ಇನ್ನೂ ಜಾಗ ಉಳಿಯುತ್ತದೆ. ಒಂದು ಗಾಡಿ ಧಾರವಾಡದ ಬಾಯಿಂದ ಹೊರಡಬಹುದು, ಅದೇ ಹೊತ್ತಿಗೆ ಇನ್ನೊಂದು ಈ ಕಡೆಯ ಬಾಯಿಂದ. ಒಂದೇ ಪ್ಲಾಟ್‌ಫಾರಂ ಎರಡರ ಕೆಲಸ ಮಾಡುತ್ತದೆ. ಊರಿನ ನಡುವೆ ಸಿಕ್ಕಿಕೊಂಡ ನಿಲ್ದಾಣಕ್ಕೆ ಅಗಲಕ್ಕೆ ಬೆಳೆಯುವುದು ಕಷ್ಟ, ಉದ್ದಕ್ಕೆ ಬೆಳೆಯಬಹುದು. ದಾಖಲೆ ಬೇಕೆಂದು ಉದ್ದ ಮಾಡಿದರು ಎಂದು ಸುಮ್ನೆ ಹೇಳುವವರಿಗೆ ಈ ಲೆಕ್ಕ ತೋರಿಸಬೇಕು.

ಒಂದು ಬೆಳಿಗ್ಗೆ ಆ ತುದಿಯಿಂದ ಈ ತುದಿಗೆ ನಡೆದೆ. ಎಲ್ಲೂ ನಿಲ್ಲದೆ ನಡೆದರೂ ಇಪ್ಪತ್ತು ನಿಮಿಷ ಹಿಡಿಯಿತು. ನಡುವೆ ಜನವೋ ಜನ. ಚಹಾದ ಕೆಟಲ್, ಕೂಲಿಗಳ ಕೆಂಪು ಅಂಗಿ, ಚೀಲಕ್ಕೆ ಒರಗಿ ಕೂತ ಅಜ್ಜಿ. ಮುಂದೆ ಮುಂದೆ ಹೋದಂತೆ ಅಂಗಡಿ ಮುಗಿಯುತ್ತದೆ, ಮಾತು ಮುಗಿಯುತ್ತದೆ, ಬರೀ ಕಂಬ ಮತ್ತು ಬೋಗಿ ಸಂಖ್ಯೆಯ ಫಲಕಗಳು ಉಳಿಯುತ್ತವೆ. ಕೊನೆಯಲ್ಲಿ ಗಾಳಿ ಮಾತ್ರ. ಇಷ್ಟು ದೂರವನ್ನು ಮಂಡಿನೋವಿನ ಹಿರಿಯರು, ಸೊಂಟದಲ್ಲಿ ಮಗು ಹೊತ್ತ ತಾಯಂದಿರು ನಡೆಯುವುದು ಸಣ್ಣ ಮಾತಲ್ಲ. ಗಾಡಿ ಯಾವ ಭಾಗದಲ್ಲಿ ನಿಲ್ಲುತ್ತದೆ ಎಂದು ಹೊತ್ತಿಗೆ ಮೊದಲೇ, ಕನ್ನಡದಲ್ಲಿ, ಗಟ್ಟಿಯಾಗಿ ಹೇಳುವುದು ಉದ್ದದ ಪ್ಲಾಟ್‌ಫಾರಂ ಇರುವ ಕಡೆ ಸೌಜನ್ಯವಷ್ಟೇ ಆಗಬಾರದು, ಅಗತ್ಯ ಎಂದು ತಿಳಿಯಬೇಕು. ಬ್ಯಾಟರಿ ಗಾಡಿಯೂ ಹಾಗೆಯೇ.

2023ರಲ್ಲೇ ಬೆಂಗಳೂರು–ಹುಬ್ಬಳ್ಳಿ ಹಳಿಗೆ ಪೂರ್ತಿ ವಿದ್ಯುತ್ ಬಂತು. ಜೂನ್ 27ರಂದು ಬೆಂಗಳೂರು–ಧಾರವಾಡ ವಂದೇ ಭಾರತ್ ಓಡಿತು. 2024ರ ಸೆಪ್ಟೆಂಬರ್‌ನಲ್ಲಿ ಹುಬ್ಬಳ್ಳಿ–ಪುಣೆ ವಂದೇ ಭಾರತ್. ಅಮೆರಿಕದ ತಂತ್ರಜ್ಞಾನದ ಇಎಂಡಿ ಡೀಸೆಲ್ ಎಂಜಿನ್‌ಗಳಿಗೆ ದೇಶದಲ್ಲೇ ಹೆಸರಾದ ಹುಬ್ಬಳ್ಳಿ ಶೆಡ್ ಈಗ ವಿದ್ಯುತ್ ಎಂಜಿನ್‌ಗಳ ಕೆಲಸವನ್ನೂ ಕಲಿತಿದೆ. ಇನ್ನು ಹೆಸರು. 2020ರಿಂದ ಇದು ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣ. ಜಾತಿ, ಮತ ನೋಡದೆ ಎಲ್ಲರನ್ನೂ ಮಠದ ಪಂಕ್ತಿಯಲ್ಲಿ ಕೂರಿಸಿದ ಅಜ್ಜನ ಹೆಸರು, ಎಲ್ಲ ದಿಕ್ಕಿನ ಜನ ಬಂದು ಕೂಡುವ ಜಾಗಕ್ಕೆ ಒಪ್ಪುತ್ತದೆ. ಟಿಕೆಟ್ಟಿನ ಮೇಲಿನ ಕೋಡ್ ಮಾತ್ರ ಹಳೆಯ ಯುಬಿಎಲ್ಲೇ.

ಬಿಚ್ಚದೆ ಉಳಿದ ಗಂಟು

ಇಷ್ಟಾದರೂ ಮೊದಲ ಪ್ರಶ್ನೆ ಅಲ್ಲೇ ಇದೆ. ಎರಡು ಹಳಿ ಒಂದೇ ತುದಿಗೆ ಬರುವುದನ್ನು ಯಾವ ಪ್ಲಾಟ್‌ಫಾರಂ ಕೂಡ ಬದಲಿಸಲಾರದು. ಹುಬ್ಬಳ್ಳಿ ದಕ್ಷಿಣದ ಕಡೆಯಿಂದ ಗದಗಿನ ಹಳಿಗೆ ನೇರ ಕೂಡುವ ಬೈಪಾಸ್ ಇದೆ. ಗೂಡ್ಸ್ ಗಾಡಿಗಳಿಗೆ ಅದು ವರ. ಆದರೆ ಪ್ರಯಾಣಿಕರ ಗಾಡಿ ಆ ದಾರಿ ಹಿಡಿದರೆ ದೊಡ್ಡ ನಿಲ್ದಾಣ ತಪ್ಪುತ್ತದೆ. ಅರ್ಧ ತಾಸು ಉಳಿಯುತ್ತದೆ, ಹುಬ್ಬಳ್ಳಿಯವರಿಗೆ ಗಾಡಿ ತಪ್ಪುತ್ತದೆ. ವಿಜಯಪುರದವರ ಬೇಡಿಕೆಯೂ ನ್ಯಾಯ, ಹುಬ್ಬಳ್ಳಿಯವರ ಸಿಟ್ಟೂ ನ್ಯಾಯ. ನನ್ನನ್ನು ಕೇಳಿದರೆ ರಾತ್ರಿಯ ದೂರದ ಗಾಡಿಗಳು ಬೈಪಾಸ್ ಹಿಡಿಯಲಿ, ಹಗಲಿನವು ಒಳಗೆ ಬರಲಿ. ನಸುಕಿನ ಮೂರು ಗಂಟೆಗೆ ಹುಬ್ಬಳ್ಳಿಯಲ್ಲಿ ಇಳಿಯುವವರಿಗೆ ಬೇರೆ ಗಾಡಿಗಳಿವೆ.

ಇನ್ನೊಂದು ದಾರಿ ಗದಗ–ಯಲವಿಗಿ ಹೊಸ ಹಳಿ. ಯಲವಿಗಿ ಇರುವುದು ಹುಬ್ಬಳ್ಳಿಗೆ ದಕ್ಷಿಣದಲ್ಲಿ, ಬೆಂಗಳೂರಿನ ಹಳಿಯ ಮೇಲೆ. ಅಲ್ಲಿಂದ ಲಕ್ಷ್ಮೇಶ್ವರದ ಮೇಲೆ ಗದಗಿಗೆ ಹೋದರೆ ತ್ರಿಕೋನದ ಒಂದು ಬದಿ ಸಿಕ್ಕಂತೆ. ಹುಬ್ಬಳ್ಳಿಗೆ ಹೋಗಿ ತಿರುಗುವ ಮಾತೇ ಇಲ್ಲ. 1880ರ ದಶಕದಲ್ಲಿ ಯಾರಿಗೂ ಬೇಡವಾಗಿದ್ದ ಈ ತುಂಡು 1956ರಿಂದ ಬೇಕಾಗಿದೆ.

ಪಶ್ಚಿಮಕ್ಕೆ ಹೋದರೆ ಗಂಟು ಬೇರೆ ಥರದ್ದು. ಕ್ಯಾಸಲ್ ರಾಕ್‌ನಿಂದ ಕುಳೆಂವರೆಗಿನ ಘಟ್ಟ ಬಹಳ ಕಡಿದು. 37 ಅಡಿ ಸಾಗಿದರೆ ಒಂದು ಅಡಿ ಏರು. ಭಾರದ ಗಾಡಿಗೆ ಹಿಂದೆ ಮುಂದೆ ಹೆಚ್ಚಿನ ಎಂಜಿನ್ ಕಟ್ಟಬೇಕು. ಅಲ್ಲಿ ಜೋಡಿ ಹಳಿ ಹಾಕಲು ಕೊಟ್ಟಿದ್ದ ವನ್ಯಜೀವಿ ಮಂಡಳಿಯ ಒಪ್ಪಿಗೆಯನ್ನು 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಆ ಘಟ್ಟದ ಗೋವಾ ಕಡೆಯ ಮೊಲ್ಲೆಂ ಕಾಡಿನ ಬೆಲೆ ಗೊತ್ತಿದ್ದವರು ಆ ತೀರ್ಪಿಗೆ ಸಮಾಧಾನದ ನಿಟ್ಟುಸಿರು ಬಿಟ್ಟರು. ನಾನೂ ಅವರಲ್ಲಿ ಒಬ್ಬ. ಕಲ್ಲಿದ್ದಲು ಸ್ವಲ್ಪ ಕಾಯಬಹುದು, ಅಂಥ ಕಾಡು ಮತ್ತೆ ಹುಟ್ಟದು.

ಹುಬ್ಬಳ್ಳಿ–ಅಂಕೋಲಾ ಹಳಿಯ ಮಾತೂ ಕಾಡಿನಲ್ಲೇ ಸಿಕ್ಕಿಕೊಂಡಿದೆ. ಸುಮಾರು 164 ಕಿಲೋಮೀಟರಿನ ಈ ಹಳಿಗೆ 1990ರ ದಶಕದಲ್ಲಿ ಒಪ್ಪಿಗೆ ಸಿಕ್ಕಿತ್ತು. ಕಲಘಟಗಿ, ಯಲ್ಲಾಪುರದ ಮೇಲೆ ಕರಾವಳಿಗೆ ಇಳಿಯುವ ದಾರಿ. ಕಾರವಾರಕ್ಕೆ ರೈಲು ಎಂಬ ಹತ್ತೊಂಬತ್ತನೆಯ ಶತಮಾನದ ಅದೇ ಆಸೆ. ಉತ್ತರ ಕನ್ನಡದ ಜನರಿಗೆ ಒಂದು ಹೆರಿಗೆ, ಒಂದು ಹೃದಯಾಘಾತ ಬಂದರೂ ಹುಬ್ಬಳ್ಳಿಯ ಆಸ್ಪತ್ರೆಯೇ ಗತಿ. ಮಳೆಗಾಲದಲ್ಲಿ ಅರಬೈಲು ಘಟ್ಟದಲ್ಲಿ ಮಣ್ಣು ಕುಸಿದರೆ ಆ ದಾರಿಯೂ ಇಲ್ಲ. ಅದಕ್ಕೇ ಈ ಹಳಿಯ ವಿಷಯದಲ್ಲಿ ಮೊಲ್ಲೆಂ ಬಗ್ಗೆ ಹೇಳಿದಷ್ಟು ಸಲೀಸಾಗಿ ತೀರ್ಪು ಹೇಳಲು ನನಗೆ ಆಗುವುದಿಲ್ಲ. ಕಾಡೂ ಬೇಕು, ಆ ಜನವೂ ಬೇಕು.

ಅಂದು ನಡೆದು ಮುಗಿಸಿ, ಬೆಂಗಳೂರು ಮತ್ತು ಗದಗಿನ ಹಳಿಗಳು ಬರುವ ತುದಿಯಲ್ಲಿ ಸ್ವಲ್ಪ ಹೊತ್ತು ನಿಂತಿದ್ದೆ. ದೂರದಲ್ಲಿ ಒಂದು ಗಾಡಿ ಸಿಗ್ನಲ್ ಕಾಯುತ್ತಾ ನಿಂತಿತ್ತು. ಬಾಗಿಲಲ್ಲಿ ಕೂತಿದ್ದ ಹುಡುಗರು ಕತ್ತು ಚಾಚಿ ನಿಲ್ದಾಣದ ಕಡೆ ನೋಡುತ್ತಿದ್ದರು. ದೀಪ ಹಳದಿಗೆ ತಿರುಗಿತು. ಗಾಡಿ ನಿಧಾನಕ್ಕೆ ಪಾಯಿಂಟುಗಳ ಮೇಲೆ ಕಟಕಟ ಸದ್ದು ಮಾಡುತ್ತಾ ಒಳಗೆ ಬಂತು.